ವೋಲ್ಟೇಜು ಎಲ್ಲಿಯದು, ರೋಧ ಯಾವಾಗಿನದು?

ಈ ಸಲದ ಪತ್ರಗಳೆಲ್ಲ ಬೆಳಗಾವಿ ಜಿಲ್ಲೆಯ ಒಂದೇ ಮಗ್ಗುಲಿನಿಂದ ಬಂದಿವೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ. ಬರೆದವರಲ್ಲಿ ಶಾಲೆಯ ಹುಡುಗಿಯಿದ್ದಾರೆ, ಕಬ್ಬು ಬೆಳೆಯುವ ರೈತರಿದ್ದಾರೆ. ಎಲ್ಲರ ತೊಡಕೂ ಒಂದೇ ಲೆಕ್ಕದ ಸುತ್ತ ಇದೆ: ಇಷ್ಟು ವೋಲ್ಟೇಜಿಗೆ, ಇಷ್ಟು ರೋಧವಿದ್ದರೆ, ಎಷ್ಟು ಕರೆಂಟು ಹರಿಯುತ್ತದೆ?

ಪ್ರಶ್ನೆ: ವೋಲ್ಟೇಜ್, ಕರೆಂಟ್, ರೋಧ ಮೂರರ ಸೂತ್ರ ಬಾಯಿಪಾಠ ಬರತೈತ್ರಿ. ಲೆಕ್ಕ ಬಿಡಸಾಕ ಕುಂತ್ರ ಗುಣಿಸಬೇಕೋ ಭಾಗಿಸಬೇಕೋ ತಿಳಿಯೂದಿಲ್ಲ. ಎರಡು ರೋಧಕ ಕೊಟ್ಟಬಿಟ್ರಂತೂ ಕೈ ನಡಗತಾವು. ಪರೀಕ್ಷೆ ಹತ್ತಿರ ಬಂದೈತಿ, ಏನ್ ಮಾಡ್ಲಿ?
— ಹತ್ತನೇ ಇಯತ್ತೆಯ ವಿದ್ಯಾರ್ಥಿನಿ, ಬೈಲಹೊಂಗಲ

ಉತ್ತರ: ನಿಮ್ಮ ಚಿಂತೆ ಸೂತ್ರ ಮರೆತುಹೋಗುತ್ತದೆ ಎಂಬುದಲ್ಲ. ಸೂತ್ರ ನೆನಪಿದ್ದರೂ ಕೈಗೆ ಒದಗುವುದಿಲ್ಲ ಎಂಬುದು. ಇದು ಬುದ್ಧಿ ಕಡಿಮೆಯೆಂಬುದರ ಗುರುತಲ್ಲ, ಗಾಬರಿಯಾಗಬೇಡಿ. ಈ ನಿಯಮವನ್ನು ಕಂಡುಕೊಂಡ ಜಾರ್ಜ್ ಸೈಮನ್ ಓಮ್ ಜರ್ಮನಿಯ ಕಲೋನ್ ನಗರದಲ್ಲಿ ಶಾಲಾ ಮಾಸ್ತರರಾಗಿದ್ದವರು. ಅವರ ಪುಸ್ತಕ ಅಚ್ಚಾದದ್ದು 1827ರಲ್ಲಿ. ಕಿತ್ತೂರಿನ ರಾಣಿ ಚೆನ್ನಮ್ಮ ನಿಮ್ಮೂರ ಕೋಟೆಯಲ್ಲೇ ಸೆರೆಯಲ್ಲಿದ್ದ ವರ್ಷಗಳವು. ಆಗಿನ ದೊಡ್ಡ ದೊಡ್ಡ ಪಂಡಿತರಿಗೇ ಓಮ್ ಹೇಳಿದ್ದು ಬೇಗ ಗಂಟಲಲ್ಲಿ ಇಳಿಯಲಿಲ್ಲ. ಲಂಡನ್ನಿನ ರಾಯಲ್ ಸೊಸೈಟಿ ಅವರಿಗೆ ಕಾಪ್ಲಿ ಪದಕ ಕೊಟ್ಟದ್ದು 1841ರಲ್ಲಿ, ಹದಿನಾಲ್ಕು ವರ್ಷ ಕಳೆದ ಮೇಲೆ. ನಿಮಗೆ ಪರೀಕ್ಷೆಯವರೆಗೆ ಸಮಯವಿದೆ.

ಸೂತ್ರವನ್ನು ಒಂದು ಕ್ಷಣ ಪಕ್ಕಕ್ಕಿಡಿ. ವಿಭವಾಂತರ (ಕರೆಂಟನ್ನು ತಳ್ಳುವ ಒತ್ತಡ, ನಾವು ದಿನವೂ ವೋಲ್ಟೇಜ್ ಅನ್ನುವುದು) ಹೆಚ್ಚಾದರೆ ಕರೆಂಟು ಹೆಚ್ಚಬೇಕು. ಆದ್ದರಿಂದ ಅದು ಮೇಲೆ. ರೋಧ (ಹರಿವಿಗೆ ತಂತಿ ಒಡ್ಡುವ ತಡೆ) ಹೆಚ್ಚಾದರೆ ಕರೆಂಟು ತಗ್ಗಬೇಕು. ಆದ್ದರಿಂದ ಅದು ಕೆಳಗೆ. ಮೇಲಿನದನ್ನು ಕೆಳಗಿನದರಿಂದ ಭಾಗಿಸಿ. 6 ವೋಲ್ಟ್ ಬ್ಯಾಟರಿಗೆ 4 ಓಮ್ ರೋಧಕ ಜೋಡಿಸಿದರೆ 6 ಭಾಗಿಸು 4, ಅಂದರೆ 1.5 ಆಂಪಿಯರ್.

ಇನ್ನು ಕೈ ನಡುಗಿಸುವ ಎರಡು ರೋಧಕಗಳು. ಅದೇ ಬ್ಯಾಟರಿಗೆ 4 ಓಮ್ ಮತ್ತು 8 ಓಮ್ ಇವೆ ಎನ್ನೋಣ. ಸರಣಿ ಜೋಡಣೆ (ಒಂದರ ಬಾಲಕ್ಕೆ ಇನ್ನೊಂದು) ಆದರೆ ಕರೆಂಟು ಎರಡನ್ನೂ ದಾಟಲೇಬೇಕು. ಒಟ್ಟು 12 ಓಮ್, ಕರೆಂಟು ಅರ್ಧ ಆಂಪಿಯರ್. ಸಮಾಂತರ ಜೋಡಣೆ (ಎರಡಕ್ಕೂ ಬೇರೆ ಬೇರೆ ದಾರಿ) ಆದಾಗ ಮಕ್ಕಳು ಭಿನ್ನರಾಶಿಯಲ್ಲಿ ಸಿಕ್ಕಿಬೀಳುತ್ತಾರೆ. ಅಲ್ಲಿಗೆ ಹೋಗುವ ಮೊದಲು ಪ್ರತಿ ದಾರಿಯ ಕರೆಂಟನ್ನು ಬೇರೆ ಬೇರೆ ತೆಗೆಯಿರಿ. ಎರಡಕ್ಕೂ ಪೂರಾ 6 ವೋಲ್ಟ್ ಸಿಗುತ್ತದೆ. ಒಂದರಲ್ಲಿ 1.5, ಇನ್ನೊಂದರಲ್ಲಿ 0.75. ಕೂಡಿಸಿದರೆ 2.25 ಆಂಪಿಯರ್. ಪ್ರಶ್ನೆಯಲ್ಲಿ ಒಟ್ಟು ರೋಧ ಕೇಳಿದ್ದರೆ 6ನ್ನು 2.25ರಿಂದ ಭಾಗಿಸಿ, 2.67 ಓಮ್ ಬರುತ್ತದೆ. ಸಮಾಂತರದಲ್ಲಿ ಒಟ್ಟು ರೋಧ ಯಾವಾಗಲೂ ಅತಿ ಸಣ್ಣ ರೋಧಕಕ್ಕಿಂತ ಕಡಿಮೆ ಇರಬೇಕು. ಹೆಚ್ಚು ಬಂದರೆ ಎಲ್ಲೋ ತಪ್ಪಿದ್ದೀರಿ ಎಂದು ಅಲ್ಲೇ ಗೊತ್ತಾಗುತ್ತದೆ.

ಒಂದು ಬಲೆಯ ಬಗ್ಗೆ ಎಚ್ಚರವಿರಲಿ. ‘3 ಕಿಲೋ ಓಮ್’ ಎಂದಿದ್ದರೆ ಮೊದಲು 3000 ಎಂದು ಬರೆದುಕೊಳ್ಳಿ, ಆಮೇಲೆ ಭಾಗಿಸಿ. 9 ವೋಲ್ಟಿಗೆ ಆಗ 0.003 ಆಂಪಿಯರ್, ಅಂದರೆ 3 ಮಿಲಿ ಆಂಪಿಯರ್ (ಆಂಪಿಯರಿನ ಸಾವಿರ ಪಾಲಿನಲ್ಲಿ ಮೂರು). ಅಂಕ ಕಳೆದುಕೊಳ್ಳುವವರು ಬಹುಮಟ್ಟಿಗೆ ಇಲ್ಲೇ ಕಳೆದುಕೊಳ್ಳುತ್ತಾರೆ.

ಪ್ರಶ್ನೆ: ನಾನು ಐಟಿಐದಾಗ ಎಲೆಕ್ಟ್ರಿಷಿಯನ್ ಟ್ರೇಡ್ ಮಾಡಾಕತ್ತೀನ್ರಿ. 100 ವ್ಯಾಟಿನ ಹಳೇ ಬಲ್ಬಿಗೆ ಮಲ್ಟಿಮೀಟರ್ ಹಚ್ಚಿ ನೋಡಿದ್ರ 40 ಓಮ್ ತೋರಿಸ್ತು. 230ನ್ನ 40ರಿಂದ ಭಾಗಿಸಿದ್ರ ಸುಮಾರು 6 ಆಂಪಿಯರ್ ಬರತೈತಿ. ಬಲ್ಬು ಅಷ್ಟು ಎಳೀಬಾರದಲ್ಲ? ಮೀಟರ್ ಕೆಟ್ಟೈತೋ, ಓಮ್‌ನ ನಿಯಮನ ಸುಳ್ಳೋ?
— ತರಬೇತಿ ವಿದ್ಯಾರ್ಥಿ, ಸವದತ್ತಿ

ಉತ್ತರ: ನೀವು ಲೆಕ್ಕ ಮಾಡಿ ಸುಮ್ಮನಾಗಲಿಲ್ಲ. ಬಂದ ಉತ್ತರ ನಿಜಕ್ಕೆ ಹೊಂದುತ್ತದೆಯೇ ಎಂದು ನೋಡಿದಿರಿ. ಈ ಅಭ್ಯಾಸ ಬಿಡಬೇಡಿ. ಮೀಟರು ಕೆಟ್ಟಿಲ್ಲ, ನಿಯಮವೂ ಸುಳ್ಳಲ್ಲ. ನೀವು ಅಳೆದದ್ದು ತಣ್ಣಗಿರುವ ಬಲ್ಬು, ಲೆಕ್ಕ ಹಾಕಿದ್ದು ಉರಿಯುವ ಬಲ್ಬಿಗೆ.

ಬಲ್ಬಿನೊಳಗಿನ ಟಂಗ್‌ಸ್ಟನ್ ಎಳೆ ಬೆಳಗುವಾಗ 2500 ಡಿಗ್ರಿ ಸೆಲ್ಸಿಯಸ್ ಆಸುಪಾಸು ಕಾದಿರುತ್ತದೆ. ಲೋಹ ಕಾದಂತೆ ಅದರ ರೋಧ ಏರುತ್ತದೆ. ಉರಿಯುವ ಬಲ್ಬಿನ ರೋಧ ತಿಳಿಯಲು ವೋಲ್ಟೇಜನ್ನು ಅದರಿಂದಲೇ ಗುಣಿಸಿ ವ್ಯಾಟಿನಿಂದ ಭಾಗಿಸಿ: 230 ಗುಣಿಸು 230 ಭಾಗಿಸು 100. ಉತ್ತರ 529 ಓಮ್. ಈಗ 230ನ್ನು 529ರಿಂದ ಭಾಗಿಸಿದರೆ 0.43 ಆಂಪಿಯರ್. ನೀವು ನಿರೀಕ್ಷಿಸಿದ್ದು ಅದನ್ನೇ ಅಲ್ಲವೇ? ತಣ್ಣಗಿದ್ದಾಗ 40, ಕಾದಾಗ 529. ಹದಿಮೂರು ಪಟ್ಟು.

ಹಾಗೆಂದು ನಿಮ್ಮ 6 ಆಂಪಿಯರ್ ವ್ಯರ್ಥವಲ್ಲ. ಬಟನ್ ಒತ್ತಿದ ಕ್ಷಣಕ್ಕೆ ಎಳೆ ತಣ್ಣಗೇ ಇರುತ್ತದೆ, ಆಗ ಅಷ್ಟು ಕರೆಂಟು ನಿಜಕ್ಕೂ ನುಗ್ಗುತ್ತದೆ. ಎಳೆ ಕಾಯುತ್ತಿದ್ದಂತೆ, ಸೆಕೆಂಡಿನ ಒಂದು ಚೂರಿನಲ್ಲೇ, ಇಳಿದುಬಿಡುತ್ತದೆ. ಹಳೆಯ ಬಲ್ಬುಗಳು ಹೆಚ್ಚಾಗಿ ಹಚ್ಚುವಾಗಲೇ ‘ಟಪ್’ ಎಂದು ಹೋಗುತ್ತಿದ್ದುದು ಇದಕ್ಕೇ. ಓಮ್‌ನ ನಿಯಮ ಹೇಳುವಾಗ ‘ತಾಪ ಬದಲಾಗದಿದ್ದರೆ’ ಎಂದು ಪುಸ್ತಕದಲ್ಲಿ ಒಂದು ಮಾತು ಇರುತ್ತದೆ. ಎಲ್ಲರೂ ಹಾರಿಸಿ ಓದುವ ಮಾತು. ಭಾಗಾಕಾರ ಯಾರಿಗೂ ಕಷ್ಟವಲ್ಲ. ಯಾವಾಗಿನ ರೋಧ, ಎಲ್ಲಿ ಅಳೆದ ವೋಲ್ಟೇಜ್ ಎಂದು ಕೇಳಿಕೊಳ್ಳುವುದೇ ನಿಮ್ಮ ಟ್ರೇಡಿನ ಕಸುಬು ಅನ್ನುವುದು ನನ್ನ ಎಣಿಕೆ.

ನೀರು ಕಾಯಿಸುವ ರಾಡಿಗೆ ಈ ಪೇಚಾಟ ಇಲ್ಲ. ಅದರೊಳಗಿನ ನೈಕ್ರೋಮ್ (ನಿಕಲ್, ಕ್ರೋಮಿಯಂ ಬೆರೆಸಿದ ಲೋಹ) ತಂತಿಯ ರೋಧ ಕಾದರೂ ಹೆಚ್ಚು ಬದಲಾಗುವುದಿಲ್ಲ. ಪ್ಲಗ್ಗಿನಿಂದ ತೆಗೆದ 1500 ವ್ಯಾಟಿನ ರಾಡಿಗೆ ಮೀಟರು ಹಚ್ಚಿ, 35 ಓಮ್ ಹತ್ತಿರ ತೋರಿಸುತ್ತದೆ. ಲೆಕ್ಕಕ್ಕೂ ಸರಿಹೊಂದುತ್ತದೆ.

ನಿಮ್ಮೂರಿನವರೆಂದು ಇನ್ನೊಂದು ಮಾತು. ಭರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡದ ಅಂಗಡಿಗಳಿಗೆ ಲೈಟು ಕಟ್ಟುವ ಕೆಲಸ ನಿಮ್ಮಂಥ ಹುಡುಗರಿಗೆ ಸಿಗಬಹುದು. ಹಳೆಯ ಸೀರಿಯಲ್ ಸೆಟ್ಟುಗಳು ಇನ್ನೂ ಕೆಲವರ ಬಳಿ ಇವೆ. 6 ವೋಲ್ಟಿನ ಮೂವತ್ತೆಂಟು ಬಲ್ಬು ಒಂದರ ಹಿಂದೊಂದು ಪೋಣಿಸಿದರೆ 228 ವೋಲ್ಟ್, ನೇರ ಲೈನಿಗೆ ಹಚ್ಚಬಹುದು. ಪ್ರತಿ ಬಲ್ಬಿನ ಕಾದ ರೋಧ 60 ಓಮ್ ಆದರೆ ಒಟ್ಟು 2280 ಓಮ್, ಕರೆಂಟು 0.1 ಆಂಪಿಯರ್. ಒಂದು ಬಲ್ಬು ಹೋದರೆ ಇಡೀ ಸರ ಆರುತ್ತದೆ. ಆಗ ಅವಸರದಲ್ಲಿ ಹೋದ ಬಲ್ಬಿನ ಜಾಗದಲ್ಲಿ ತಂತಿ ಹೆಣೆದು ಮತ್ತೆ ಹಚ್ಚುತ್ತಾರೆ. ಹೀಗೆ ಎಂಟು ಕಡೆ ಹೆಣೆದರೆ ಉಳಿದ ಮೂವತ್ತೇ ಬಲ್ಬು 230 ವೋಲ್ಟನ್ನು ಹಂಚಿಕೊಳ್ಳಬೇಕು. ತಲೆಗೆ ಏಳೂವರೆ ವೋಲ್ಟಿಗೂ ಹೆಚ್ಚು. ಅವೂ ಬೇಗ ಹೋಗುತ್ತವೆ.

ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ‘6 ವೋಲ್ಟಿನ ಬಲ್ಬಲ್ಲವೇ’ ಎಂದು ಲೈನ್ ಇರುವಾಗಲೇ ಒಂದನ್ನು ಕಿತ್ತರೆ ಸರದಲ್ಲಿ ಹರಿವು ನಿಲ್ಲುತ್ತದೆ. ಹರಿವು ನಿಂತರೆ ಉಳಿದ ಬಲ್ಬುಗಳು ಒಂದು ವೋಲ್ಟನ್ನೂ ಹಿಡಿದಿಡುವುದಿಲ್ಲ. ಆ ಖಾಲಿ ಹೋಲ್ಡರಿನ ಎರಡು ತುದಿಗಳ ನಡುವೆ ಪೂರಾ 230 ವೋಲ್ಟ್ ಬಂದು ಕೂತಿರುತ್ತದೆ. ಪಿನ್ ತೆಗೆಯದೆ ಸರಕ್ಕೆ ಕೈ ಹಾಕಬೇಡಿ.

ಪ್ರಶ್ನೆ: ಟ್ರ್ಯಾಕ್ಟರ್ ಬ್ಯಾಟರಿ ಭಾಳ ದೊಡ್ಡದೈತ್ರಿ. ಅದಕ್ಕ ಬೈಕಿನ ಸಣ್ಣ 12 ವೋಲ್ಟ್ ಬಲ್ಬ್ ಹಚ್ಚಿದ್ರ ಸುಟ್ಟುಹೋಗೂದಿಲ್ಲೇನು?
— ಗ್ಯಾರೇಜಿನ ಹುಡುಗ, ಬೈಲಹೊಂಗಲ

ಉತ್ತರ: ಸುಡುವುದಿಲ್ಲ. ಎರಡೂ 12 ವೋಲ್ಟಿನವೇ. ಬಲ್ಬಿನ ಕಾದ ರೋಧ 24 ಓಮ್ ಆದರೆ ಯಾವ ಬ್ಯಾಟರಿಗೆ ಹಚ್ಚಿದರೂ ಅರ್ಧ ಆಂಪಿಯರ್ರೇ ಹರಿಯುವುದು. ಬ್ಯಾಟರಿ ಮೇಲೆ ಬರೆದ ಆಂಪಿಯರ್-ಅವರ್ (ಎಷ್ಟು ಕರೆಂಟನ್ನು ಎಷ್ಟು ಹೊತ್ತು ಕೊಡಬಲ್ಲದು ಎಂಬ ಅಳತೆ) ದೊಡ್ಡದಿದ್ದರೆ ಬಲ್ಬು ಹೆಚ್ಚು ಹೊತ್ತು ಉರಿದೀತು, ಅಷ್ಟೆ. ಆದರೆ ನಿಮ್ಮ ಅಂಜಿಕೆ ಬೇರೆ ಕಡೆ ನ್ಯಾಯವಾದದ್ದು. ಪಾನಾ ಜಾರಿ ಟ್ರ್ಯಾಕ್ಟರ್ ಬ್ಯಾಟರಿಯ ಎರಡೂ ಟರ್ಮಿನಲ್ಲಿಗೆ ತಾಗಿತೆನ್ನಿ. ಆಗ ತಡೆಯಲು ಉಳಿಯುವುದು ಬ್ಯಾಟರಿಯ ಒಳರೋಧ ಮಾತ್ರ. ಅದು ಓಮಿನ ನೂರರಲ್ಲೊಂದು ಪಾಲು ಎಂದುಕೊಂಡರೂ 12 ಭಾಗಿಸು 0.01, ಅಂದರೆ 1200 ಆಂಪಿಯರ್. ಪಾನಾ ಕೆಂಪಗೆ ಕಾಯಲು ಅಷ್ಟು ಸಾಕು. ಕೈಯ ಉಂಗುರ, ಕಡಗ ತೆಗೆದಿಟ್ಟು ಕೆಲಸ ಮಾಡಿ.

ಪ್ರಶ್ನೆ: ಮಳೆಗಾಲದಾಗ ನೀರು ಕಾಸಾಕ ರಾಡ್ ಹಾಕ್ತೇವ್ರಿ. ಅದೇ ಎಕ್ಸ್‌ಟೆನ್ಶನ್ ಬಾಕ್ಸಿಗೆ ಇಸ್ತ್ರಿ ಪೆಟಗಿ. ಬಾಕ್ಸ್ ಬಿಸಿ ಆಗತೈತಿ, ಪಿನ್ ಕರ್ರಗಾಗೈತಿ. ಫ್ಯೂಜ್ ಹಾರತೈತೆಂದು ನಮ್ಮ ಮಗ ದಪ್ಪ ತಂತಿ ಕಟ್ಯಾನ. ನನಗ ಕರೆಂಟ್ ಅಂದ್ರ ಎದಿ ಒಡಿತೈತಿ. ‘ಸುಮ್ನ ಅಂಜತಿ’ ಅಂತ ಮನ್ಯಾಗ ನಗತಾರ.
— ಗೃಹಿಣಿ, ಕಿತ್ತೂರು

ಉತ್ತರ: ತಾಯಿ, ನಿಮ್ಮ ಅಂಜಿಕೆ ಸುಮ್ಮನೆಯದಲ್ಲ. ಬಾಕ್ಸ್ ಬಿಸಿಯಾಗುವುದನ್ನು, ಪಿನ್ ಕಪ್ಪಾದದ್ದನ್ನು ಗಮನಿಸಿದವರು ನೀವೊಬ್ಬರೇ. ಇದು ಸರಿಪಡಿಸಬಹುದಾದ ವಿಷಯ, ಹೆಚ್ಚು ಖರ್ಚಿನದೂ ಅಲ್ಲ.

ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಕರೆಂಟು. 1500 ವ್ಯಾಟಿನ ರಾಡು 6.5 ಆಂಪಿಯರ್ ಎಳೆಯುತ್ತದೆ. 750 ವ್ಯಾಟಿನ ಇಸ್ತ್ರಿ ಪೆಟ್ಟಿಗೆ 3.3. ಎರಡೂ ಕೂಡಿ ಹತ್ತರ ಹತ್ತಿರ. ಮನೆಯ ಸಣ್ಣ ಸಾಕೆಟ್ಟು, ಅದಕ್ಕೆ ಸಿಕ್ಕಿಸುವ ಬಾಕ್ಸು 6 ಆಂಪಿಯರಿಗೆಂದು ಮಾಡಿದ್ದು. ರಾಡು ಒಂದೇ ಆ ಮಿತಿಯನ್ನು ದಾಟುತ್ತದೆ. ಇನ್ನು ಪಿನ್ ಸಡಿಲವಿದ್ದರೆ ಆ ಸಂದಿನಲ್ಲೂ ಒಂದು ರೋಧ ಹುಟ್ಟಿಕೊಳ್ಳುತ್ತದೆ. ಅರ್ಧ ಓಮ್ ಅನ್ನಿ. ಕರೆಂಟನ್ನು ಅದರಿಂದಲೇ ಗುಣಿಸಿ ರೋಧದಿಂದ ಗುಣಿಸಿದರೆ ಶಾಖ ಸಿಗುತ್ತದೆ: 10 ಗುಣಿಸು 10 ಗುಣಿಸು ಅರ್ಧ, 50 ವ್ಯಾಟ್. ಉಗುರಿನಗಲದ ಜಾಗದಲ್ಲಿ ಅಷ್ಟು ಬಿಸಿ ಕೂತರೆ ಪ್ಲಾಸ್ಟಿಕ್ ಕರಗದೆ ಇದ್ದೀತೇ?

ಮಗ ಕಟ್ಟಿದ ದಪ್ಪ ತಂತಿಯನ್ನು ಇವತ್ತೇ ತೆಗೆಸಿ. ಫ್ಯೂಜು ಹಾರುತ್ತಿದ್ದುದು ಅದರ ಕೆಲಸ. ಅದು ಹಾರದಂತೆ ಮಾಡಿದರೆ ಗೋಡೆಯೊಳಗಿನ ತಂತಿಯೇ ಫ್ಯೂಜಿನ ಬದಲು ಸುಡುತ್ತದೆ. ರಾಡಿಗೆ 16 ಆಂಪಿಯರಿನ ಬೇರೆ ಸಾಕೆಟ್ಟು, ಅದಕ್ಕೆ 2.5 ಚದರ ಮಿಲಿಮೀಟರ್ ತಾಮ್ರದ ತಂತಿ ಎಳೆಸಿ. ಅಲ್ಲಿಯವರೆಗೆ ರಾಡು, ಇಸ್ತ್ರಿ ಯಾವುದನ್ನೂ ಆ ಬಾಕ್ಸಿಗೆ ಹಾಕಬೇಡಿ.

ಇನ್ನು ಎದೆ ಒಡೆಯುವ ಮಾತು. ನಮ್ಮ ಮೈಗೂ ರೋಧವಿದೆ. ಒಣ ಚರ್ಮದ್ದು ಹತ್ತಾರು ಸಾವಿರ ಓಮ್ ಇರಬಹುದು, ಒದ್ದೆಯಾದರೆ ಸಾವಿರದ ಆಸುಪಾಸಿಗೆ ಇಳಿಯುತ್ತದೆ. 230ನ್ನು ಸಾವಿರದಿಂದ ಭಾಗಿಸಿದರೆ 0.23 ಆಂಪಿಯರ್. ಜೀವಕ್ಕೆ ಕುತ್ತು ತರಲು ಇದರ ಸಣ್ಣ ಪಾಲು ಸಾಕು. ಫ್ಯೂಜಿಗೋ, ಎಂಸಿಬಿಗೋ (ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್ಚು) ಇಷ್ಟು ಕರೆಂಟು ಲೆಕ್ಕಕ್ಕೇ ಬರುವುದಿಲ್ಲ. ಅವು ತಂತಿಯನ್ನು ಕಾಯುತ್ತವೆ, ಮನುಷ್ಯರನ್ನಲ್ಲ. ಮನುಷ್ಯರನ್ನು ಕಾಯುವುದು ಆರ್‌ಸಿಸಿಬಿ (ಹೋದ ಕರೆಂಟು ಪೂರಾ ಹಿಂದಿರುಗದಿದ್ದರೆ ಲೈನ್ ಕಡಿಯುವ ಸ್ವಿಚ್ಚು). ಮನೆಗಳಿಗೆ 30 ಮಿಲಿ ಆಂಪಿಯರಿನದು ಹಾಕಿಸುತ್ತಾರೆ.

‘ಅರ್ಥಿಂಗ್ ಐತಲ್ಲ’ ಎಂದು ಮನೆಯವರು ಹೇಳಬಹುದು. ಬೇಸಿಗೆಯಲ್ಲಿ ಮಣ್ಣು ಒಣಗಿದಾಗ ಅರ್ಥಿಂಗ್ ಗುಂಡಿಯ ರೋಧ 40 ಓಮಿಗೆ ಏರಿದೆ ಎನ್ನೋಣ. ರಾಡಿನಿಂದ ಲೀಕಾದ ಕರೆಂಟು ಆ ದಾರಿಯಲ್ಲಿ ಹರಿದರೂ 230 ಭಾಗಿಸು 40, ಆರೂ ಆಗುವುದಿಲ್ಲ. 16 ಆಂಪಿಯರಿನ ಎಂಸಿಬಿ ಬೀಳುವುದೇ ಇಲ್ಲ. ಗುಂಡಿಗೆ ಆಗಾಗ ನೀರು ಹಾಕಬೇಕು ಎನ್ನುವುದು ಇದಕ್ಕೇ. ಆರ್‌ಸಿಸಿಬಿ ಇದ್ದರೆ ಈ ಆರು ಆಂಪಿಯರ್ ಸೋರುವ ಬಹಳ ಮೊದಲೇ ಅದು ಬಿದ್ದಿರುತ್ತದೆ.

ಮತ್ತೆ ಎರಡು ಮಾತು, ತಾಯಿ. ನೀರು ಕಾದಿದೆಯೇ ಎಂದು ಬೆರಳು ಅದ್ದುವ ಮೊದಲು ಬಟನ್ ಆರಿಸಿದರೆ ಸಾಲದು, ಪಿನ್ ಕೀಳಿ. ಬಟ್ಟೆ ಒಣಹಾಕಲು ಕಬ್ಬಿಣದ ತಂತಿ ಕಟ್ಟಿದ್ದರೆ ತೆಗೆದು ನೈಲಾನ್ ಹಗ್ಗ ಕಟ್ಟಿ. ಸರ್ವಿಸ್ ವೈರ್ ತಾಗಿದ ಆ ತಂತಿಗೆ ಒದ್ದೆ ಬಟ್ಟೆ ಹಾಕಲು ಹೋಗಿ ಜೀವ ಕಳೆದುಕೊಂಡವರ ಸುದ್ದಿ ಪತ್ರಿಕೆಯಲ್ಲಿ ಪ್ರತಿ ಮಳೆಗಾಲ ಬರುತ್ತದೆ.

ಪ್ರಶ್ನೆ: ಮಲಪ್ರಭಾ ದಂಡಿಮ್ಯಾಲ 5 ಎಚ್‌ಪಿ ಮೋಟರ್ ಐತ್ರಿ. ಲೈನ್ ಬಂತಂದ್ರ ಎಲ್ಲಾರ ಮೋಟರೂ ಒಮ್ಮೆಲೇ ಚಾಲೂ ಆಗತಾವು, ವೋಲ್ಟೇಜ್ ಬೀಳತೈತಿ. ವರ್ಷದಾಗ ಎರಡ ಸಲ ವೈಂಡಿಂಗ್ ಸುಟ್ಟೈತಿ. ‘ವೋಲ್ಟೇಜ್ ಕಡಿಮಿ ಆದ್ರ ಕರೆಂಟೂ ಕಡಿಮಿ’ ಅಂತ ಮಗಳ ಪುಸ್ತಕದಾಗ ಬರದೈತಿ. ಕಡಿಮಿ ಕರೆಂಟಿಗೆ ಮೋಟರ್ ಹೆಂಗ ಸುಡತೈತ್ರಿ?
— ರೈತ, ರಾಮದುರ್ಗ

ಉತ್ತರ: ರೀವೈಂಡಿಂಗಿಗೆ ರೊಕ್ಕ ಹೋಗುವುದು ಒಂದು ನೋವು, ಅಷ್ಟು ದಿನ ನೀರಿಲ್ಲದೆ ಕಬ್ಬು ಬಾಡುವುದು ಇನ್ನೊಂದು. ನಿಮ್ಮ ಪ್ರಶ್ನೆ ಸರಿಯಾಗಿಯೇ ಇದೆ. ಪುಸ್ತಕವೂ ಸರಿಯಿದೆ. ಆದರೆ ಅದು ಹೇಳುತ್ತಿರುವುದು ರಾಡು, ಕಾಯಿಲಿನಂಥವುಗಳ ಮಾತು. ಅವುಗಳ ರೋಧ ಬದಲಾಗದು, ವೋಲ್ಟೇಜ್ ಇಳಿದರೆ ಕರೆಂಟೂ ಇಳಿದು ನೀರು ನಿಧಾನ ಕಾಯುತ್ತದೆ, ಅಷ್ಟೆ. ಮೋಟರು ಹಾಗಲ್ಲ. ಮೇಲೆತ್ತಬೇಕಾದ ನೀರಿನ ಭಾರ ಕಡಿಮೆಯಾಗುವುದಿಲ್ಲವಲ್ಲ. ಮಣ್ಣು ಹೊರುವವರಿಗೆ ಸಣ್ಣ ಬುಟ್ಟಿ ಕೊಟ್ಟು ಅಷ್ಟೇ ಮಣ್ಣು ಸಂಜೆಯೊಳಗೆ ಹಾಕಬೇಕೆಂದರೆ ಹೆಚ್ಚು ಸುತ್ತು ಹೊಡೆಯಬೇಕಾಗುತ್ತದೆ. ವೋಲ್ಟೇಜ್ ಬುಟ್ಟಿ, ಕರೆಂಟು ಸುತ್ತು.

ಲೆಕ್ಕದಲ್ಲಿ ನೋಡಿ. 415 ವೋಲ್ಟ್ ಇದ್ದಾಗ ನಿಮ್ಮ ಮೋಟರು ಫೇಜಿಗೆ ಸುಮಾರು 8 ಆಂಪಿಯರ್ ಎಳೆಯುತ್ತದೆ. 330ಕ್ಕೆ ಇಳಿದರೆ ಅದೇ ಕೆಲಸಕ್ಕೆ ಹತ್ತು ಬೇಕು. ಎರಡೇ ಆಂಪಿಯರ್ ಹೆಚ್ಚು ಅನ್ನಿಸಬಹುದು. ವೈಂಡಿಂಗಿನ ಬಿಸಿ ಮಾತ್ರ ಕರೆಂಟಿನ ವರ್ಗದಂತೆ (ಅದನ್ನು ಅದರಿಂದಲೇ ಗುಣಿಸಿದಷ್ಟು) ಏರುತ್ತದೆ. ಅಂದು 64 ಇದ್ದದ್ದು ಈಗ 100, ಒಂದೂವರೆ ಪಟ್ಟು ಮೀರಿತು. ವೋಲ್ಟೇಜ್ ಇನ್ನೂ ಬಿದ್ದು ಮೋಟರು ಗುಂಯ್‌ಗುಟ್ಟುತ್ತ ನಿಂತುಬಿಟ್ಟರೆ ಮುಗಿದೇಹೋಯಿತು. ತಿರುಗುವ ಮೋಟರಿನೊಳಗೆ ಬಂದ ವೋಲ್ಟೇಜಿಗೆ ಎದುರಾಗಿ ಇನ್ನೊಂದು ವೋಲ್ಟೇಜ್ ಹುಟ್ಟುತ್ತದೆ, ಕರೆಂಟಿಗೆ ಮೂಗುದಾರ ಹಾಕುವುದು ಅದೇ. ನಿಂತ ಮೋಟರಿನಲ್ಲಿ ಅದಿಲ್ಲ. ಆಗ ಕರೆಂಟು ನಾಲ್ಕೈದು ಪಟ್ಟು ಹಾರುತ್ತದೆ.

ಓಮ್‌ನ ನಿಯಮ ನಿಮ್ಮ ಕೈ ಹಿಡಿಯುವುದು ಮೋಟರಿನಲ್ಲಲ್ಲ, ಟಿಸಿಯಿಂದ (ಟ್ರಾನ್ಸ್‌ಫಾರ್ಮರಿನಿಂದ) ಮೋಟರಿನವರೆಗಿನ ತಂತಿಯಲ್ಲಿ. 2.5 ಚದರ ಮಿಲಿಮೀಟರಿನ ತಾಮ್ರದ ತಂತಿಗೆ ಕಿಲೋಮೀಟರಿಗೆ 7.4 ಓಮ್ ರೋಧ. 250 ಮೀಟರ್ ಎಳೆದಿದ್ದರೆ ಎಳೆಗೆ 1.85 ಓಮ್. ಅದರಲ್ಲಿ 8 ಆಂಪಿಯರ್ ಹರಿದರೆ ಒಂದೊಂದು ಎಳೆಯಲ್ಲೂ 15 ವೋಲ್ಟ್ ಕಳೆದುಹೋಗುತ್ತದೆ. ಚಾಲೂ ಆಗುವ ಗಳಿಗೆಯಲ್ಲಿ ಕರೆಂಟು ಹಲವು ಪಟ್ಟು ಇರುವುದರಿಂದ ತಂತಿಯಲ್ಲಿ ಕಳೆಯುವುದೂ ಹಾಗೇ ಏರುತ್ತದೆ. 4 ಚದರ ಮಿಲಿಮೀಟರಿನ ತಂತಿಗೆ ಬದಲಿಸಿದರೆ ಆ 15 ಒಂಬತ್ತಕ್ಕೆ ಇಳಿಯುತ್ತದೆ. ಅಲ್ಯೂಮಿನಿಯಂ ತಂತಿಯಾದರೆ ಅದೇ ದಪ್ಪಕ್ಕೆ ರೋಧ ತಾಮ್ರದ ಒಂದೂವರೆ ಪಟ್ಟಿಗೂ ಹೆಚ್ಚು ಎಂಬುದು ನೆನಪಿರಲಿ.

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ಕರೆಂಟು ಒಯ್ದವರೂ ಇದೇ ಲೆಕ್ಕ ಹಾಕಿದ್ದರು. ವೋಲ್ಟೇಜನ್ನು ಮೂವತ್ತು ಸಾವಿರದ ಮೇಲಕ್ಕೇರಿಸಿದರು. ಅಷ್ಟೇ ಶಕ್ತಿಗೆ ಕರೆಂಟು ಕಡಿಮೆ ಸಾಕಾಯಿತು, ದಾರಿಯಲ್ಲಿ ಕಳೆಯುವುದೂ ಕಡಿಮೆಯಾಯಿತು. ನಿಮ್ಮ ಹೊಲದ ಹತ್ತಿರದವರೆಗೆ 11 ಸಾವಿರ ವೋಲ್ಟಿನ ಲೈನ್ ತಂದು ಟಿಸಿಯಲ್ಲಿ ಇಳಿಸುವುದೂ ಈ ಕಾರಣಕ್ಕೇ. ಟಿಸಿ ದೂರವಿದ್ದಷ್ಟೂ, ಅದಕ್ಕೆ ಜೋತುಬಿದ್ದ ಮೋಟರು ಹೆಚ್ಚಾದಷ್ಟೂ ಕೊನೆಯ ರೈತನಿಗೆ ತಾಪತ್ರಯ. ಹತ್ತಿರದಲ್ಲಿ ಇನ್ನೊಂದು ಟಿಸಿ ಬೇಕೆಂದು ಹತ್ತು ಜನ ಕೂಡಿ ಹೆಸ್ಕಾಂ (ವಿದ್ಯುತ್ ಸರಬರಾಜು ಕಂಪನಿ) ಕಚೇರಿಗೆ ಅರ್ಜಿ ಕೊಡಿ. ಒಬ್ಬರೇ ಹೋಗುವುದಕ್ಕಿಂತ ಅದಕ್ಕೆ ತೂಕ ಹೆಚ್ಚು.

ಅಲ್ಲಿಯತನಕ ನಿಮ್ಮ ಕೈಯಲ್ಲಿರುವುದನ್ನು ಮಾಡಿ. ಸ್ಟಾರ್ಟರಿನ ಓವರ್‌ಲೋಡ್ ರಿಲೇಯನ್ನು ಮೋಟರಿನ ಪ್ಲೇಟಿನ ಮೇಲೆ ಬರೆದ ಆಂಪಿಯರಿಗೇ ಇಡಿ. ಮತ್ತೆ ಮತ್ತೆ ಬೀಳುತ್ತದೆಂದು ಮೇಲಕ್ಕೆ ತಿರುವಿದವರ ಮೋಟರುಗಳೇ ಹೆಚ್ಚು ಸುಡುತ್ತವೆ. ಒಂದು ಫೇಜ್ ಹೋದಾಗ ಲೈನ್ ಕಡಿಯುವ ಸಿಂಗಲ್ ಫೇಜ್ ಪ್ರಿವೆಂಟರ್ ಇದೆಯೇ ನೋಡಿಕೊಳ್ಳಿ. ಎಲ್ಲರ ಮೋಟರೂ ಒಮ್ಮೆಲೇ ಎದ್ದೇಳುವುದು ಆಟೊ ಸ್ಟಾರ್ಟರಿನಿಂದ. ಅದರಲ್ಲಿ ಹೊತ್ತು ಹೊಂದಿಸುವ ಟೈಮರ್ ಇದ್ದರೆ ಒಬ್ಬರು ಎರಡು ನಿಮಿಷ, ಮತ್ತೊಬ್ಬರು ನಾಲ್ಕು ನಿಮಿಷ ಬಿಟ್ಟು ಚಾಲೂ ಆಗುವಂತೆ ದಂಡೆಯವರೆಲ್ಲ ಮಾತಾಡಿಕೊಳ್ಳಿ. ಕೆಪಾಸಿಟರ್ ಕೆಟ್ಟಿದ್ದರೆ ಬದಲಿಸಿ, ತಂತಿಯಲ್ಲಿ ಹರಿಯುವ ಕರೆಂಟು ಅದರಿಂದಲೂ ಕೊಂಚ ತಗ್ಗುತ್ತದೆ.

ಮುಂದಿನ ಪತ್ರದಲ್ಲಿ ಮೂರು ಸಂಗತಿ ಬರೆದು ಕಳಿಸಿ: ಟಿಸಿಯಿಂದ ಮೋಟರಿಗೆ ಎಷ್ಟು ಮೀಟರ್, ತಂತಿ ಯಾವುದು ಎಷ್ಟು ದಪ್ಪ, ಮತ್ತು ಮೋಟರು ನೀರೆತ್ತುತ್ತಿರುವಾಗ ಸ್ಟಾರ್ಟರಿನ ವೋಲ್ಟ್ ಮೀಟರು ತೋರಿಸುವ ಅಂಕಿ. ಮೋಟರು ಬಂದ್ ಇದ್ದಾಗಿನದು ಬೇಡ, ಆಗ ತಂತಿಯಲ್ಲಿ ಏನೂ ಹರಿಯುತ್ತಿರುವುದಿಲ್ಲ.